ಎಸ್‌ಓಪಿ ಎಂಬ ಸಣ್ಣಕತೆಯಲ್ಲಿ ಮೇಷ್ಟ್ರು ಎಲ್ಲಿ?

ಕನ್ನಡದಲ್ಲಿ ವಿಮರ್ಶೆ ಅಂದರೆ ಕಾದಂಬರಿ, ಕತೆ, ಕವನ ಸಂಕಲನ, ಅದು ಬಿಟ್ಟರೆ ಶುಕ್ರವಾರ ಬಿಡುಗಡೆಯಾದ ಸಿನಿಮಾ. ಇವ್ಯಾವುದರ ಲೆಕ್ಕಕ್ಕೂ ಸಿಗದೆ, ಬೆಂಗಳೂರಿನ ಪಿಜಿ ರೂಮುಗಳಲ್ಲಿ, ಎಚ್‌ಎಸ್‌ಆರ್ ಲೇಔಟಿನ ಕಾಫಿ ಅಂಗಡಿಗಳಲ್ಲಿ, ಪ್ರತಿ ವರ್ಷ ಅಕ್ಟೋಬರಿನಿಂದ ಜನವರಿ ತನಕ ಹುಲುಸಾಗಿ ಬೆಳೆಯುವ ಇನ್ನೊಂದು ಸಾಹಿತ್ಯ ಪ್ರಕಾರ ಇದೆ. ಅದರ ಹೆಸರು ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಮನೆಮಾತಿನಲ್ಲಿ ಎಸ್‌ಓಪಿ. ಎರಡು ಪುಟದ ಬರಹ. ಬರೆಯೋಕೆ ಎರಡು ತಿಂಗಳು, ಓದೋಕೆ ಹತ್ತು ನಿಮಿಷ. ಓದೋರು ಎಲ್ಲೋ ದೂರದ ಒಂದು ಅಡ್ಮಿಷನ್ ಕಮಿಟಿಯ ಮೂರ್ನಾಲ್ಕು ಜನ. ಆಮೇಲೆ ಅದು ಡ್ರೈವಿನ ಯಾವುದೋ ಫೋಲ್ಡರಿನಲ್ಲಿ ‘ಫೈನಲ್ ಫೈನಲ್ 3’ ಅನ್ನೋ ಹೆಸರಿನಲ್ಲಿ ಮಲಗಿಬಿಡುತ್ತದೆ.

ಎಂಎಸ್‌ಗೆ, ಎಂಬಿಎಗೆ ಬರೆಯುವ ಎಸ್‌ಓಪಿಗಳ ಬಗ್ಗೆ ನನಗೆ ತಕರಾರಿಲ್ಲ. ಅವು ಪ್ರಾಮಾಣಿಕವಾಗಿ ಸ್ವಾರ್ಥದ ಬರಹಗಳು. ನಾನು ಹೇಳಹೊರಟಿರೋದು ಈಚೆಗೆ ಜಾಸ್ತಿಯಾಗಿರುವ ಒಂದು ಉಪಪ್ರಕಾರದ ಬಗ್ಗೆ. ನಾಲ್ಕೈದು ವರ್ಷ ಸಾಫ್ಟ್‌ವೇರ್‌ನಲ್ಲೋ ಕನ್ಸಲ್ಟಿಂಗ್‌ನಲ್ಲೋ ದುಡಿದ ನಮ್ಮಂಥವರು, ‘ದೇಶದ ಶಿಕ್ಷಣವನ್ನು ಸರಿಪಡಿಸಬೇಕು’ ಅಂತ ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಅಥವಾ ಪಬ್ಲಿಕ್ ಪಾಲಿಸಿಯ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವಾಗ ಬರೆಯುವ ಎಸ್‌ಓಪಿ. ಹಾರ್ವರ್ಡ್‌ನ ಕೆನಡಿ ಸ್ಕೂಲ್, ಕೊಲಂಬಿಯಾದ ಸೀಪಾ, ಸಿಂಗಪುರದ ಲೀ ಕುವಾನ್ ಯೂ ಸ್ಕೂಲ್, ನಮ್ಮಲ್ಲೇ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್, ಹೀಗೆ ಪಟ್ಟಿ. ‘ಇಂಗ್ಲಿಷ್ ಸ್ವಲ್ಪ ನೋಡಿಕೊಡು ಮಾರಾಯ’ ಅಂತ ಗೆಳೆಯರು, ಗೆಳೆಯರ ತಂಗಿಯರು ಕಳಿಸಿದ ಇಂಥವನ್ನು ಸಾಕಷ್ಟು ಓದಿದ್ದೇನೆ. ಒಂದೊಂದೇ ಓದಿದರೆ ಮನಸ್ಸು ಮುಟ್ಟುತ್ತವೆ. ಸಾಲಾಗಿ ಓದಿದರೆ ಮಾತ್ರ, ಎಲ್ಲರೂ ಒಂದೇ ಕತೆ ಬರೆದಿದ್ದಾರೆ ಅನ್ನೋದು ಗೊತ್ತಾಗುತ್ತೆ. ಒಂದೇ ಕತೆಯನ್ನು ಅಷ್ಟು ಜನ ಬರೆದರೆ ಅದಕ್ಕೆ ವಿಮರ್ಶೆ ಬೇಕು ತಾನೆ?

ಕತೆ ಹೀಗಿದೆ. ನಿರೂಪಕ ಅಥವಾ ನಿರೂಪಕಿಗೆ ಒಳ್ಳೆ ಕೆಲಸ ಇದೆ, ಆದರೆ ಒಳಗೆ ಏನೋ ಕಳೆದುಕೊಂಡ ಭಾವ. ಕಂಪನಿಯ ಸಿಎಸ್‌ಆರ್ ಶನಿವಾರದಂದು ಒಂದು ಸರ್ಕಾರಿ ಶಾಲೆಗೆ ಹೋಗುತ್ತಾರೆ. ಅಲ್ಲಿ ಒಂದು ಮಗು. ಸಾಮಾನ್ಯವಾಗಿ ಹುಡುಗಿ, ಹತ್ತು ಹನ್ನೊಂದು ವರ್ಷ, ಹೊಳೆಯುವ ಕಣ್ಣು. ಐದನೇ ಕ್ಲಾಸು, ಆದರೆ ಎರಡನೇ ಕ್ಲಾಸಿನ ಪುಸ್ತಕ ಓದಲು ಬರುವುದಿಲ್ಲ. ನಿರೂಪಕರು ಆ ಮಗುವಿಗೆ ಕೆಲವು ವಾರ ಪಾಠ ಹೇಳುತ್ತಾರೆ, ಮಗು ಓದತೊಡಗುತ್ತದೆ. ಆಗ ತಿರುವು: ‘ಒಂದು ಮಗುವಿಗೆ ಕಲಿಸಿದರೆ ಸಾಲದು, ವ್ಯವಸ್ಥೆಯನ್ನೇ ಬದಲಿಸಬೇಕು.’ ಅಲ್ಲಿಂದ ನೇರ ಪದವಿಗೆ ಜಿಗಿತ. ಕೊನೆಯ ಪ್ಯಾರಾದಲ್ಲಿ ವಾಪಸು ಬಂದು ಲಕ್ಷಾಂತರ ಮಕ್ಕಳ ಬದುಕು ಬದಲಿಸುವ ಭರವಸೆ.

ಮೊದಲೇ ಒಂದು ಮಾತು. ಆ ಮಗು ಕಲ್ಪನೆ ಅಲ್ಲ. 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯ 2018ರ ವರದಿ ನೋಡಿ: ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಹತ್ತಿರಹತ್ತಿರ ಅರ್ಧದಷ್ಟು ಮಾತ್ರ. ಕೋವಿಡ್ ನಂತರದ 2022ರ ಸಮೀಕ್ಷೆಯಲ್ಲಿ ಅದು ಇನ್ನೂ ಇಳಿಯಿತು. ಹಾಗಾಗಿ ಕತೆಯ ಮೊದಲರ್ಧ ಸತ್ಯ, ಸಂಕಟವೂ ಸತ್ಯ. ನನ್ನ ಜಗಳ ಇರೋದು ಕತೆಯ ಉಳಿದ ಪಾತ್ರಗಳ ಜೊತೆ. ಇನ್ನೂ ಸರಿಯಾಗಿ ಹೇಳಬೇಕು ಅಂದರೆ, ಕತೆಯಲ್ಲಿ ಇಲ್ಲದ ಪಾತ್ರಗಳ ಬಗ್ಗೆ.

ಆ ಶಾಲೆಯಲ್ಲಿ ಮೇಷ್ಟ್ರು ಇದ್ದರಲ್ಲ, ಅವರೆಲ್ಲಿ ಹೋದರು?

ಎಸ್‌ಓಪಿಯಲ್ಲಿ ಮೇಷ್ಟ್ರಿಗೆ ಎರಡೇ ಪಾತ್ರ. ಒಂದೋ ಅವರು ಕುರ್ಚಿ ಖಾಲಿ ಬಿಟ್ಟು ಹೋದ ಸೋಮಾರಿ, ಇಲ್ಲವೇ ಕಾಣಿಸದ ನೆರಳು. ಅವರಿಗೆ ಸಂಭಾಷಣೆ ಇಲ್ಲ, ಹೆಸರಿಲ್ಲ, ಬಸ್ಸಿನ ಟೈಮಿಲ್ಲ. ಮೊದಲನೆಯ ಚಿತ್ರಕ್ಕೆ ಆಧಾರ ಎಲ್ಲಿಂದ ಬಂತು ಅಂತಲೂ ಗೊತ್ತು. 2003ರಲ್ಲಿ ವಿಶ್ವಬ್ಯಾಂಕ್ ಮತ್ತು ಹಾರ್ವರ್ಡ್‌ನ ಸಂಶೋಧಕರು ದೇಶದ ಮೂರು ಸಾವಿರಕ್ಕೂ ಹೆಚ್ಚು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೇಳದೇ ಕೇಳದೇ ಹೋಗಿ ನೋಡಿದಾಗ, ನಾಲ್ವರು ಶಿಕ್ಷಕರಲ್ಲಿ ಒಬ್ಬರು ಶಾಲೆಯಲ್ಲಿ ಇರಲಿಲ್ಲ. ಆ ‘ಶೇ. 25’ ಅನ್ನೋ ಅಂಕಿ ಅವತ್ತಿನಿಂದ ಇವತ್ತಿನ ತನಕ ಸೆಮಿನಾರುಗಳಲ್ಲಿ ಓಡಾಡುತ್ತಲೇ ಇದೆ. 2017ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಆರು ರಾಜ್ಯಗಳ 619 ಶಾಲೆಗಳಲ್ಲಿ ಇನ್ನೊಂದು ಅಧ್ಯಯನ ಮಾಡಿತು. ಕಾರಣವಿಲ್ಲದೆ ಗೈರಾದ ಶಿಕ್ಷಕರು ಅಲ್ಲಿ ಸಿಕ್ಕಿದ್ದು ಶೇ. 2.5ರಷ್ಟು. ಉಳಿದ ಖಾಲಿ ಕುರ್ಚಿಗಳ ಹಿಂದೆ ರಜೆ ಇತ್ತು, ತರಬೇತಿ ಇತ್ತು, ಇಲಾಖೆಯ ಕೆಲಸ ಇತ್ತು.

ಯಾವ ಅಂಕಿ ಸರಿ ಅಂತ ಜಗಳ ಆಡೋ ಮೊದಲು ಪ್ರಶ್ನೆ ನೋಡಿ. ಮೊದಲನೆಯವರು ಕೇಳಿದ್ದು, ‘ಮೇಷ್ಟ್ರು ಇದ್ದಾರಾ?’ ಎರಡನೆಯವರು ಕೇಳಿದ್ದು, ‘ಇಲ್ಲ ಅಂದರೆ ಯಾಕಿಲ್ಲ?’ ಪಾಠ ತಪ್ಪಿಸಿಕೊಂಡ ಮಗುವಿಗೆ ಎರಡೂ ಒಂದೇ, ಒಪ್ಪುತ್ತೇನೆ. ಆದರೆ ಪರಿಹಾರ ಹುಡುಕುವವರಿಗೆ ಎರಡೂ ಒಂದೇ ಅಲ್ಲ. ಮೇಷ್ಟ್ರು ಕದ್ದು ಹೋಗಿದ್ದಾರೆ ಅಂತಾದರೆ ಬೆರಳಚ್ಚು ಯಂತ್ರ ತರಬೇಕು. ಮೇಷ್ಟ್ರನ್ನು ಇಲಾಖೆಯೇ ಮೀಟಿಂಗಿಗೆ ಕರೆಸಿಕೊಂಡಿದೆ ಅಂತಾದರೆ ಬೆರಳಚ್ಚು ಯಂತ್ರ ಏನು ಮಾಡೀತು? ಮೀಟಿಂಗನ್ನು ಶನಿವಾರ ಮಧ್ಯಾಹ್ನಕ್ಕೆ ಹಾಕಬೇಕು ಅಷ್ಟೇ. ಮೊದಲನೆಯದಕ್ಕೆ ಟೆಂಡರ್ ಇದೆ, ಉದ್ಘಾಟನೆ ಇದೆ, ಎಸ್‌ಓಪಿಯಲ್ಲಿ ಬರೆಯಲು ಒಂದು ಸಾಲೂ ಇದೆ. ಎರಡನೆಯದಕ್ಕೆ ಒಂದು ಸುತ್ತೋಲೆ ಸಾಕು, ಹಾಗಾಗಿ ಯಾರಿಗೂ ಅದರ ಮೇಲೆ ಆಸೆ ಇಲ್ಲ.

ಇನ್ನು ಒಂದು ಚಿಕ್ಕ ಶಾಲೆಯ ಲೆಕ್ಕ ಹಾಕೋಣ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ ಅರವತ್ತು ಮಕ್ಕಳ ತನಕ ಇಬ್ಬರು ಶಿಕ್ಷಕರು. ಅಂದರೆ ಐದು ತರಗತಿಗೆ ಇಬ್ಬರು. ಅದರಲ್ಲಿ ಒಬ್ಬರು ಹೆಡ್‌ಮಾಸ್ಟರ ಕೆಲಸವನ್ನೂ ನೋಡಬೇಕು: ಬಿಸಿಯೂಟದ ಅಕ್ಕಿಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆ ತಂದ ಬಿಲ್ಲು, ಸ್ಯಾಟ್ಸ್‌ನಲ್ಲಿ ಮಕ್ಕಳ ಮಾಹಿತಿ ಎಂಟ್ರಿ, ಎಸ್‌ಡಿಎಂಸಿ ಸಭೆಯ ನಡಾವಳಿ. ಅದೇ ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಬೋಧಕೇತರ ಕೆಲಸಕ್ಕೆ ಹಚ್ಚಬಾರದು ಅನ್ನುತ್ತದೆ, ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು. ಆ ‘ಬಿಟ್ಟು’ ಅನ್ನೋ ಬಾಗಿಲಿನಲ್ಲಿ ಎಷ್ಟೋ ದಿನಗಳು ಸೋರಿಹೋಗುತ್ತವೆ. ಇಬ್ಬರಲ್ಲಿ ಒಬ್ಬರು ತರಬೇತಿಗೆ ಹೋದ ದಿನ, ಉಳಿದವರು ಒಬ್ಬರೇ ಐದು ತರಗತಿ ನಡೆಸುತ್ತಾರೆ. ನಮ್ಮ ಆಫೀಸಿನಲ್ಲಿ ಟೀಮಿನ ಅರ್ಧ ಜನ ರಜೆ ಹಾಕಿದರೆ ಸ್ಪ್ರಿಂಟ್ ಮುಂದೂಡುತ್ತೇವೆ. ಒಂದನೇ ಕ್ಲಾಸಿನ ಮಗುವಿನ ಅಕ್ಷರವನ್ನು ಎಲ್ಲಿಗೆ ಮುಂದೂಡೋದು?

ಇದೆಲ್ಲ ಕೇಳಿದ ಮೇಲೆ ‘ವ್ಯವಸ್ಥೆ ಬದಲಿಸಬೇಕು’ ಅನ್ನೋ ಸಾಲು ಬೇರೆಯೇ ಥರ ಕೇಳಿಸುತ್ತದೆ, ಅಲ್ವಾ? ವ್ಯವಸ್ಥೆ ಅಂದರೆ ಯಾರು? ಎಸ್‌ಓಪಿಯಲ್ಲಿ ಅದು ಮೋಡದಂಥ ಪದ. ನೆಲದ ಮೇಲೆ ಅದಕ್ಕೆ ಮೆಟ್ಟಿಲುಗಳಿವೆ. ಶಾಲೆಯ ಮೇಲೆ ಕ್ಲಸ್ಟರ್, ಅಲ್ಲಿ ಸಿಆರ್‌ಪಿ. ಅದರ ಮೇಲೆ ಬ್ಲಾಕ್, ಅಲ್ಲಿ ಬಿಇಓ ಸಾಹೇಬರು. ಅದರ ಮೇಲೆ ಜಿಲ್ಲೆಯ ಡಿಡಿಪಿಐ, ಪಕ್ಕದಲ್ಲಿ ತರಬೇತಿಯ ಡಯಟ್, ಬೆಂಗಳೂರಿನಲ್ಲಿ ಆಯುಕ್ತರ ಕಚೇರಿ, ಡಿಎಸ್‌ಇಆರ್‌ಟಿ. ಕಂದಾಯ ಇಲಾಖೆಯ ನಕ್ಷೆಯಲ್ಲಿ ಮಧುಗಿರಿ, ಶಿರಸಿ, ಚಿಕ್ಕೋಡಿ ಜಿಲ್ಲೆಗಳಲ್ಲ, ಶಿಕ್ಷಣ ಇಲಾಖೆಯ ನಕ್ಷೆಯಲ್ಲಿ ಅವು ಶೈಕ್ಷಣಿಕ ಜಿಲ್ಲೆಗಳು. ಇದು ಕ್ವಿಜ್ ಪ್ರಶ್ನೆ ಅಲ್ಲ. ನಿಮ್ಮ ‘ಸುಧಾರಣೆ’ ಯಾವ ಟೇಬಲ್ಲಿನ ಮೇಲೆ ಹೋಗಿ ಕೂರುತ್ತದೆ ಅನ್ನೋದು ಇಂಥ ವಿವರಗಳಿಂದಲೇ ತೀರ್ಮಾನವಾಗೋದು. ನಾನು ಓದಿದ ಎಸ್‌ಓಪಿಗಳಲ್ಲಿ ಬಿಇಓ ಅನ್ನೋ ಮೂರಕ್ಷರ ಒಮ್ಮೆಯೂ ಸಿಕ್ಕಿಲ್ಲ.

ಬಿಇಓ ಮೇಲೆ ಒಳ್ಳೆಯ ಬರವಣಿಗೆ ಇಲ್ಲ ಅಂತಲ್ಲ. ಯಾಮಿನಿ ಅಯ್ಯರ್ ಮತ್ತು ಶ್ರಯನಾ ಭಟ್ಟಾಚಾರ್ಯ 2016ರಲ್ಲಿ ಬ್ಲಾಕ್ ಮಟ್ಟದ ಶಿಕ್ಷಣ ಅಧಿಕಾರಿಗಳ ಬಗ್ಗೆ ಒಂದು ಪ್ರಬಂಧ ಬರೆದರು. ಆ ಅಧಿಕಾರಿಗಳು ತಮ್ಮನ್ನು ತಾವು ಪೋಸ್ಟ್ ಆಫೀಸಿಗೆ ಹೋಲಿಸಿಕೊಳ್ಳುತ್ತಿದ್ದರಂತೆ. ಮೇಲಿನಿಂದ ಬಂದ ಆದೇಶವನ್ನು ಕೆಳಗೆ, ಕೆಳಗಿನಿಂದ ಬಂದ ಮಾಹಿತಿಯನ್ನು ಮೇಲೆ ದಾಟಿಸೋದು, ಅಷ್ಟೇ. ಪೋಸ್ಟ್‌ಮ್ಯಾನ್ ಕಾಗದ ಓದೋ ಹಾಗಿಲ್ಲ, ಉತ್ತರ ಬರೆಯೋ ಹಾಗೂ ಇಲ್ಲ. ಅಕ್ಷಯ್ ಮಂಗ್ಲಾ ಅವರ 2022ರ ಪುಸ್ತಕ ಇದೇ ಎಳೆಯನ್ನು ಇನ್ನೊಂದು ಕಡೆಗೆ ಒಯ್ಯುತ್ತದೆ. ಕಾನೂನು ಒಂದೇ, ಯೋಜನೆಗಳೂ ಒಂದೇ, ಆದರೂ ಹಿಮಾಚಲ ಪ್ರದೇಶದ ಶಾಲೆಗಳು ನೆರೆಯ ಉತ್ತರಾಖಂಡದ ಶಾಲೆಗಳಿಗಿಂತ ಯಾಕೆ ಚೆನ್ನಾಗಿ ನಡೆದವು? ಅವರು ಕೊಡುವ ಉತ್ತರ ಅಧಿಕಾರಿಗಳ ನಡಾವಳಿಯಲ್ಲಿದೆ. ಒಂದು ಕಡೆ ಸಮಸ್ಯೆಯನ್ನು ಕೂತು ಮಾತಾಡಿ ಬಗೆಹರಿಸುವ ರೂಢಿ, ಇನ್ನೊಂದು ಕಡೆ ನಿಯಮ ಪುಸ್ತಕದಲ್ಲಿ ಇದ್ದಷ್ಟೇ ಮಾಡುವ ರೂಢಿ. ನೋಡಿ, ಇದೇ ನಿಜವಾದ ಸಾರ್ವಜನಿಕ ಆಡಳಿತ. ಹೊಳೆಯುವ ಕಣ್ಣಿನ ಮಗುವಿಗೂ ದಿಲ್ಲಿಯ ನೀತಿಗೂ ನಡುವೆ ಇರುವ ಈ ಸಪ್ಪೆ, ಸುಸ್ತಾದ, ಫೈಲು ತುಂಬಿದ ಜಾಗ.

ಪದವಿಯ ಹುಟ್ಟನ್ನೇ ನೋಡಿದರೂ ಇದೇ ಕಾಣುತ್ತದೆ. 1887ರಲ್ಲಿ ವುಡ್ರೋ ವಿಲ್ಸನ್, ಆಗಿನ್ನೂ ಅಮೆರಿಕದ ಅಧ್ಯಕ್ಷರಲ್ಲ, ಕಾಲೇಜು ಮೇಷ್ಟ್ರು, ಆಡಳಿತದ ಅಧ್ಯಯನದ ಬಗ್ಗೆ ಒಂದು ಪ್ರಬಂಧ ಬರೆದರು. ಕಾನೂನು ಮಾಡೋದನ್ನು ಬೇಕಾದಷ್ಟು ಓದಿದ್ದೇವೆ, ಅದನ್ನು ನಡೆಸೋದನ್ನೂ ಒಂದು ವಿದ್ಯೆಯಾಗಿ ಕಲಿಯಬೇಕು ಅನ್ನೋದು ಅದರ ಸಾರ. 1924ರಲ್ಲಿ ಸಿರಕ್ಯೂಸ್ ವಿಶ್ವವಿದ್ಯಾಲಯದ ಮ್ಯಾಕ್ಸ್‌ವೆಲ್ ಸ್ಕೂಲ್ ಇದನ್ನು ಪಾಠವಾಗಿ ಕಲಿಸಲು ಶುರುಮಾಡಿತು. ಅದೇ ಮ್ಯಾಕ್ಸ್‌ವೆಲ್‌ನಲ್ಲಿ ಡೀನ್ ಆಗಿದ್ದ ಪಾಲ್ ಆ್ಯಪಲ್‌ಬಿಯನ್ನು ನೆಹರೂ ಸರ್ಕಾರ ಕರೆಸಿ 1953ರಲ್ಲಿ ವರದಿ ಪಡೆಯಿತು. ಮರುವರ್ಷ ದಿಲ್ಲಿಯಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆ ಹುಟ್ಟಿತು. ಅಂದರೆ ಈ ವಿಷಯ ನಮಗೆ ಹೊಸತಲ್ಲ. ಯುಪಿಎಸ್‌ಸಿ ಪರೀಕ್ಷೆಗೆ ಐಚ್ಛಿಕ ವಿಷಯವಾಗಿ, ಇಗ್ನೋದ ಅಂಚೆ ತೆರಪಿನ ಎಂಪಿಎ ಆಗಿ, ವಿಜಯನಗರದ ಕೋಚಿಂಗ್ ಸೆಂಟರುಗಳ ನೋಟ್ಸ್ ಆಗಿ ಅದು ನಮ್ಮ ನಡುವೆ ಹಳೆಯ ಕಾಲದಿಂದ ಇದೆ. ಬಳ್ಳಾರಿಯಿಂದಲೋ ಹಾವೇರಿಯಿಂದಲೋ ಬಂದು ಲೈಬ್ರರಿಯಲ್ಲಿ ಕೂರುವ ಹುಡುಗ ಇದನ್ನು ‘ಪಬ್ ಅಡ್’ ಅಂತ ಓದುತ್ತಾನೆ. ನಾವು ಇದನ್ನು ‘ಪಾಲಿಸಿ’ ಅಂತ ಓದುತ್ತೇವೆ. ವರ್ಗದ ಗೆರೆ ಎಲ್ಲೆಲ್ಲಿ ಎಳೆಯುತ್ತಾರೆ ಅನ್ನೋದು ಪದಗಳಲ್ಲೇ ಗೊತ್ತಾಗುತ್ತೆ. ಆಡಳಿತ ಅಂದರೆ ಧೂಳು, ಪಾಲಿಸಿ ಅಂದರೆ ಪವರ್‌ಪಾಯಿಂಟ್. ಹುಡುಗರು ಧೂಳನ್ನು ಬಿಟ್ಟು ಪವರ್‌ಪಾಯಿಂಟಿನ ಕಡೆ ವಾಲಿದ್ದೇ ಈ ಸಾಹಿತ್ಯ ಪ್ರಕಾರದ ಮೂಲ ದೋಷ ಅಂತ ನನ್ನ ಅಭಿಪ್ರಾಯ.

ಹಾಗಾದರೆ ಈ ಪದವಿಯೇ ದಂಡವಾ? ಹಾಗಂತ ಹೇಳೋಕೆ ನಾನು ಇಷ್ಟು ಬರೆಯಬೇಕಿರಲಿಲ್ಲ. ಆ ಕೋರ್ಸುಗಳಲ್ಲಿ ಓದಿಸುವ ಒಳ್ಳೆಯ ಸಂಶೋಧನೆ ಏನಿದೆಯೋ ಅದೇ ಎಸ್‌ಓಪಿಯ ಕತೆಯನ್ನು ಒಡೆದುಹಾಕುತ್ತದೆ ಅನ್ನೋದು ನನ್ನ ವಾದ. ಮೂರು ಉದಾಹರಣೆ ಕೊಡ್ತೇನೆ.

ಮೊದಲನೆಯದು ಕೀನ್ಯಾ. ಅಲ್ಲಿ ಗುತ್ತಿಗೆ ಶಿಕ್ಷಕರನ್ನು ಹಾಕಿದರೆ ಮಕ್ಕಳ ಕಲಿಕೆ ಸುಧಾರಿಸುತ್ತಾ ಅಂತ ಪ್ರಯೋಗ ನಡೆಯಿತು. ಕೆಲವು ಕಡೆ ಒಂದು ಸ್ವಯಂಸೇವಾ ಸಂಸ್ಥೆ ನಡೆಸಿತು, ಕೆಲವು ಕಡೆ ಸರ್ಕಾರವೇ ನಡೆಸಿತು. ಯೋಜನೆ ಅದೇ. ಸಂಸ್ಥೆ ನಡೆಸಿದಲ್ಲಿ ಅಂಕ ಏರಿತು, ಸರ್ಕಾರ ನಡೆಸಿದಲ್ಲಿ ಏನೂ ಆಗಲಿಲ್ಲ. ‘ಪೈಲಟ್ ಗೆದ್ದಿದೆ, ಇನ್ನು ಸ್ಕೇಲ್ ಮಾಡೋದಷ್ಟೇ ಬಾಕಿ’ ಅನ್ನೋ ನಮ್ಮ ಸ್ಟಾರ್ಟ್‌ಅಪ್ ಬುದ್ಧಿಗೆ ಇದಕ್ಕಿಂತ ದೊಡ್ಡ ಏಟು ಇಲ್ಲ.

ಎರಡನೆಯದು ಮಧ್ಯಪ್ರದೇಶ. ಪ್ರತಿ ಶಾಲೆಯ ಗುಣಮಟ್ಟ ಅಳೆದು, ಆಯಾ ಶಾಲೆಗೆ ತಕ್ಕ ಸುಧಾರಣಾ ಯೋಜನೆ ಬರೆಸಿ, ಅಧಿಕಾರಿಗಳು ಬಂದು ಪರಿಶೀಲಿಸುವ ಕಾರ್ಯಕ್ರಮ. ಜಗತ್ತಿನ ಒಳ್ಳೊಳ್ಳೆ ಮಾದರಿಗಳನ್ನು ನೋಡಿ ರೂಪಿಸಿದ್ದು. ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ ಇದನ್ನು ಅಳೆದು ನೋಡಿದರು. ಮೌಲ್ಯಮಾಪನ ನಡೆದಿತ್ತು, ಯೋಜನೆಯ ಕಾಗದ ಚೆನ್ನಾಗಿ ತಯಾರಾಗಿತ್ತು. ಆದರೆ ಮೇಷ್ಟ್ರು ಕಲಿಸುವ ರೀತಿಯಲ್ಲಿ, ಮಕ್ಕಳು ಕಲಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೂ ಕಾರ್ಯಕ್ರಮ ಇನ್ನಷ್ಟು ಶಾಲೆಗಳಿಗೆ ವಿಸ್ತರಿಸಿತು! ಯಾಕೆಂದರೆ ಕಾಗದದಲ್ಲಿ ಅದು ಗೆದ್ದಿತ್ತು. ನಮ್ಮ ಕಂಪನಿಗಳ ವರ್ಷಾಂತ್ಯದ ಅಪ್ರೈಸಲ್ ಫಾರಂ ತುಂಬಿದವರಿಗೆ ಇದನ್ನು ವಿವರಿಸೋದು ಬೇಕಿಲ್ಲ.

ಮೂರನೆಯದು ನನಗೆ ತುಂಬಾ ಇಷ್ಟ. ಪ್ರಥಮ್ ಸಂಸ್ಥೆಯ ಒಂದು ವಿಧಾನ ಇದೆ: ಮಕ್ಕಳನ್ನು ತರಗತಿಯ ಪ್ರಕಾರ ಕೂರಿಸದೆ, ಓದಲು ಎಷ್ಟು ಬರುತ್ತದೆ ಅನ್ನೋದರ ಪ್ರಕಾರ ಗುಂಪು ಮಾಡಿ ಕಲಿಸುವುದು. ಸ್ವಯಂಸೇವಕರು ಮಾಡಿದಾಗ ಗೆದ್ದಿತ್ತು. ಬಿಹಾರದಲ್ಲಿ ಸರ್ಕಾರಿ ಶಿಕ್ಷಕರಿಗೇ ತರಬೇತಿ, ಸಾಮಗ್ರಿ ಕೊಟ್ಟಾಗ ಶಾಲಾ ದಿನಗಳಲ್ಲಿ ಏನೂ ಬದಲಾಗಲಿಲ್ಲ. ‘ಇವರಿಗೆ ಕಲಿಸೋಕೆ ಬರಲ್ಲ ಬಿಡಿ’ ಅಂತ ಎಸ್‌ಓಪಿ ಬರೆಯುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅದೇ ಸರ್ಕಾರಿ ಮೇಷ್ಟ್ರುಗಳು ಬೇಸಿಗೆ ಶಿಬಿರದಲ್ಲಿ ಅದೇ ವಿಧಾನದಿಂದ ಕಲಿಸಿದಾಗ ಮಕ್ಕಳು ಓದಿದರು. ಅಂದರೆ ಕಲಿಸಲು ಬರುತ್ತಿತ್ತು! ಶಾಲಾ ದಿನಗಳಲ್ಲಿ ಬೇರೇನೋ ಅಡ್ಡ ಬರುತ್ತಿತ್ತು. ಏನದು? ಸಿಲಬಸ್ ಮುಗಿಸಬೇಕು ಅನ್ನೋ ಒತ್ತಡ. ಇದನ್ನು ಅರ್ಥಮಾಡಿಕೊಂಡ ಮೇಲೆ ಹರಿಯಾಣದಲ್ಲಿ ಬೇರೆ ಥರ ಮಾಡಿದರು. ದಿನಕ್ಕೆ ಒಂದು ಗಂಟೆ ಈ ಕೆಲಸಕ್ಕೇ ಅಂತ ಎತ್ತಿಟ್ಟರು. ನಮ್ಮ ಸಿಆರ್‌ಪಿಗಳಂಥ ಅಲ್ಲಿನ ಮೇಲ್ವಿಚಾರಕರಿಗೆ ಮೊದಲು ಅವರೇ ಮಕ್ಕಳಿಗೆ ಕಲಿಸಿ ನೋಡುವ ಅವಕಾಶ ಕೊಟ್ಟರು, ಆಮೇಲೆ ಶಾಲೆಗಳಿಗೆ ಕಳಿಸಿದರು. ಮಕ್ಕಳ ಹಿಂದಿ ಓದು ಸುಧಾರಿಸಿತು.

ಒಂದು ಗಂಟೆ, ಮತ್ತೆ ಕಲಿಸೋದು ಏನು ಅಂತ ಗೊತ್ತಿರುವ ಒಬ್ಬ ಮೇಲ್ವಿಚಾರಕ. ಇಷ್ಟೇ. ಇದು ಯಾವ ಎಸ್‌ಓಪಿಯ ಕ್ಲೈಮ್ಯಾಕ್ಸ್ ಕೂಡ ಆಗಲಾರದು. ವೇಳಾಪಟ್ಟಿಯಲ್ಲಿ ಒಂದು ಗೆರೆ ಎಳೆದದ್ದನ್ನು ಯಾರು ಭಾವುಕವಾಗಿ ಬರೆಯುತ್ತಾರೆ? ಆದರೆ ಕಳೆದ ಇಪ್ಪತ್ತು ವರ್ಷದಲ್ಲಿ ಶಾಲಾ ಶಿಕ್ಷಣದ ಬಗ್ಗೆ ಕಲಿತ ಮುಖ್ಯ ಪಾಠಗಳಲ್ಲಿ ಇದೂ ಒಂದು. ಇದರಲ್ಲಿ ಮೇಷ್ಟ್ರು ಖಳನಾಯಕರಲ್ಲ, ವಿದೇಶದಿಂದ ಬಂದ ನಾಯಕನೂ ಇಲ್ಲ.

ಕರ್ನಾಟಕದಲ್ಲೂ ಇಂಥ ಕತೆಗಳಿವೆ, ನಮಗೆ ಅವು ಸಾಹಿತ್ಯದ ಹಾಗೆ ಕಾಣಿಸುವುದಿಲ್ಲ ಅಷ್ಟೇ. ತೊಂಬತ್ತರ ದಶಕದ ಮಧ್ಯದಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಮೇಷ್ಟ್ರುಗಳು ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಕನ್ನಡಕ್ಕೆ ಹೊಂದುವ ಹಾಗೆ ಕಾರ್ಡುಗಳನ್ನು, ಹಾಡು ಆಟಗಳನ್ನು ತಯಾರಿಸಿ ‘ನಲಿ-ಕಲಿ’ ಶುರುಮಾಡಿದರು. ಒಂದು ಹಿಂದುಳಿದ ತಾಲೂಕಿನ ಮೇಷ್ಟ್ರುಗಳು! 2009-10ರ ಸುಮಾರಿಗೆ ಅದು ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು. ಅಲ್ಲಿ ಮೇಷ್ಟ್ರುಗಳು ತಾವೇ ಹುಡುಕಿಕೊಂಡದ್ದು ಉಳಿದ ಕಡೆ ಆದೇಶವಾಗಿ ಬಂತು. ತಾನೇ ಕತ್ತರಿಸಿ ಬಣ್ಣ ಹಚ್ಚಿದ ಕಾರ್ಡಿಗೂ ಬಿಆರ್‌ಸಿಯಿಂದ ಕಟ್ಟಿನಲ್ಲಿ ಬಂದ ಕಾರ್ಡಿಗೂ ನಡುವೆ ಏನು ಕಳೆದುಹೋಗುತ್ತದೆ, ಅದನ್ನು ಉಳಿಸಿಕೊಳ್ಳೋದು ಹೇಗೆ? ಇದರ ಮೇಲೆ ಎರಡು ವರ್ಷ ಓದಲು ಯಾರಾದರೂ ಅರ್ಜಿ ಹಾಕಿದರೆ ನಾನೇ ರೆಕಮೆಂಡೇಷನ್ ಲೆಟರ್ ಬರೆದುಕೊಡುತ್ತೇನೆ, ನನ್ನ ಪತ್ರಕ್ಕೆ ಬೆಲೆ ಇಲ್ಲದಿದ್ದರೂ.

ಇನ್ನೊಂದು, ವರ್ಗಾವಣೆ. ಶಿಕ್ಷಕರ ಮನೆಗಳಲ್ಲಿ ಬೆಳೆದವರಿಗೆ ಈ ಪದದ ಭಾರ ಗೊತ್ತು. ಗಂಡ ಒಂದು ಜಿಲ್ಲೆ, ಹೆಂಡತಿ ಇನ್ನೊಂದು, ವಯಸ್ಸಾದ ಅಪ್ಪ ಅಮ್ಮ ಮತ್ತೊಂದು ಊರು. ಶಾಸಕರ ಲೆಟರ್ ಹೆಡ್ಡು ಹಿಡಿದು ಓಡಾಡೋದು ಎಷ್ಟೋ ಮೇಷ್ಟ್ರುಗಳ ಬೇಸಿಗೆ ರಜೆಯ ಕೆಲಸವಾಗಿತ್ತು. 2007ರಲ್ಲಿ ಕರ್ನಾಟಕ ಶಿಕ್ಷಕರ ವರ್ಗಾವಣೆಗೇ ಅಂತ ಒಂದು ಕಾಯ್ದೆ ಮಾಡಿತು. ಕೌನ್ಸೆಲಿಂಗ್, ಆದ್ಯತೆಯ ಪಟ್ಟಿ, ಖಾಲಿ ಜಾಗಗಳನ್ನು ಎಲ್ಲರ ಮುಂದೆ ತೋರಿಸುವುದು. ಅದರಿಂದ ಎಲ್ಲ ಸರಿಹೋಯಿತು ಅಂತ ಯಾವ ಮೇಷ್ಟ್ರೂ ಹೇಳಲ್ಲ. ಕಡ್ಡಾಯ ವರ್ಗಾವಣೆಯ ಗಲಾಟೆ ಆಗಿ 2020ರಲ್ಲಿ ಹೊಸ ಕಾಯ್ದೆಯೇ ಬಂತು. ಆದರೆ ‘ಯಾರನ್ನು ಹಿಡಿಯಬೇಕು’ ಅನ್ನೋ ಪ್ರಶ್ನೆಯ ಜಾಗದಲ್ಲಿ ‘ನನ್ನ ನಂಬರ್ ಎಷ್ಟು’ ಅನ್ನೋ ಪ್ರಶ್ನೆ ಬಂದದ್ದು ಸಣ್ಣ ಸಂಗತಿ ಅಲ್ಲ. ನಾಡಿದ್ದು ಎಲ್ಲಿರುತ್ತೇನೆ ಅಂತ ಗೊತ್ತಿಲ್ಲದ ಮೇಷ್ಟ್ರು ಇವತ್ತಿನ ಕ್ಲಾಸಿನಲ್ಲಿ ಅರ್ಧ ಮಾತ್ರ ಇರುತ್ತಾರೆ. ಶಿಕ್ಷಣ ಸುಧಾರಣೆ ಅಂದರೆ ಪಠ್ಯ, ಟ್ಯಾಬ್ಲೆಟ್ಟು, ಸ್ಮಾರ್ಟ್ ಕ್ಲಾಸು ಅಂದುಕೊಂಡವರಿಗೆ ವರ್ಗಾವಣೆ ಪಟ್ಟಿ ಕಾಣಿಸುವುದೇ ಇಲ್ಲ.

ಈಗ ಎಸ್‌ಓಪಿಯ ಕೊನೆಯ ಪ್ಯಾರಾಕ್ಕೆ ಬರೋಣ. ‘ಓದು ಮುಗಿಸಿ ವಾಪಸು ಬಂದು ಸರ್ಕಾರದ ಜೊತೆ ಕೆಲಸ ಮಾಡುತ್ತೇನೆ’ ಅನ್ನೋ ಪ್ಯಾರಾ. ಈ ಪ್ಯಾರಾವನ್ನು ನಂಬಿಕೆಯಿಂದಲೇ ಬರೆದಿರುತ್ತಾರೆ. ಆದರೆ ಅದರಲ್ಲಿ ಒಂದು ಪಾತ್ರ ಮತ್ತೆ ಕಾಣೆ: ಎಜುಕೇಷನ್ ಲೋನ್. ವಿದೇಶದಲ್ಲಿ ಎರಡು ವರ್ಷದ ಫೀಸು, ಊಟ, ಬಾಡಿಗೆ ಸೇರಿದರೆ ಬೆಂಗಳೂರಿನ ಹೊರವಲಯದಲ್ಲಿ ಒಂದು ಫ್ಲ್ಯಾಟಿನ ಬೆಲೆ ಮುಟ್ಟುವುದು ಅಪರೂಪವಲ್ಲ. ಆ ಸಾಲದ ಇಎಂಐಯನ್ನು ಡಾಲರಿನಲ್ಲಿ ದುಡಿದು ತೀರಿಸಬಹುದು, ದೊಡ್ಡ ಕನ್ಸಲ್ಟಿಂಗ್ ಕಂಪನಿಯ ಸಂಬಳದಲ್ಲಿ ತೀರಿಸಬಹುದು. ರಾಯಚೂರಿನ ಒಂದು ಸಂಸ್ಥೆಯ ಸಂಬಳದಲ್ಲಿ ತೀರಿಸಲು ಆಗುವುದಿಲ್ಲ. ಹೀಗಾಗಿ ಪದವಿ ಮುಗಿದ ಮೇಲೆ ಎಲ್ಲಿ ಕೆಲಸ ಮಾಡಬೇಕು ಅಂತ ತೀರ್ಮಾನಿಸೋದು ಪರ್ಪಸ್ ಅಲ್ಲ, ಬ್ಯಾಂಕು. ಇನ್ನು ‘ಸರ್ಕಾರದ ಜೊತೆ’ ಅನ್ನೋ ಮಾತು. ಎಂಪಿಎ ಇದೆ ಅಂತ ಯಾರೂ ನಿಮ್ಮನ್ನು ಬಿಇಓ ಕುರ್ಚಿಯಲ್ಲಿ ಕೂರಿಸಲ್ಲ. ಅದಕ್ಕೆ ಕೆಪಿಎಸ್‌ಸಿಯ ಹಾದಿ ಇದೆ, ಬಡ್ತಿಯ ಹಾದಿ ಇದೆ. ನಮಗೆ ಸಿಗೋದು ಇಲಾಖೆಯ ಪಕ್ಕದಲ್ಲಿ ಹಾಕಿದ ಇನ್ನೊಂದು ಕುರ್ಚಿ: ಸಲಹೆಗಾರ, ಫೆಲೋ, ಪ್ರಾಜೆಕ್ಟ್ ಮಾನಿಟರಿಂಗ್ ಯೂನಿಟ್. ಆ ಕುರ್ಚಿಯಿಂದ ಡ್ಯಾಶ್‌ಬೋರ್ಡ್ ಕಾಣುತ್ತದೆ. ಡ್ಯಾಶ್‌ಬೋರ್ಡಿಗೆ ಮಾಹಿತಿ ಬೇಕು. ಮಾಹಿತಿ ತುಂಬೋರು ಯಾರು? ಅದೇ ಇಬ್ಬರು ಶಿಕ್ಷಕರ ಶಾಲೆಯ ಹೆಡ್‌ಮಾಸ್ಟ್ರು! ಮಗುವಿಗಾಗಿ ಕೆಲಸ ಬಿಟ್ಟವರು ಕೊನೆಗೆ ಮಗುವಿನ ಮೇಷ್ಟ್ರ ಇನ್ನೊಂದು ಅರ್ಧ ಗಂಟೆ ಕಿತ್ತುಕೊಂಡರೆ, ಕತೆ ದುರಂತವಾಗುತ್ತದೆ. ಬರೆದವರಿಗೆ ಅದು ಗೊತ್ತೂ ಆಗುವುದಿಲ್ಲ.

ಹೀಗಂತ ಕೈಕಟ್ಟಿ ಕೂತವರೇ ಜಾಣರು ಅಂತಲ್ಲ. ‘ವ್ಯವಸ್ಥೆ ಉದ್ಧಾರ ಆಗಲ್ಲ ಬಿಡಿ’ ಅಂತ ಟ್ರಾಫಿಕ್‌ನಲ್ಲಿ ಕೂತು ಹೇಳೋದಕ್ಕೆ ಯಾವ ಪದವಿಯೂ ಬೇಡ. ಆ ಮಾತಿಗಿಂತ ಅಪರಿಪಕ್ವ ಎಸ್‌ಓಪಿಯೇ ಎಷ್ಟೋ ವಾಸಿ, ಅದರಲ್ಲಿ ಕನಿಷ್ಠ ಒಂದು ಮಗುವಿದೆ. ಓದಲೇಬೇಕು ಅನ್ನಿಸಿದವರು ಓದಲಿ. ಬಜೆಟ್ ಪುಸ್ತಕ ಓದೋಕೆ, ಒಂದು ಪ್ರಯೋಗದ ಫಲಿತಾಂಶವನ್ನು ಅನುಮಾನದಿಂದ ನೋಡೋಕೆ, ಆದೇಶ ಬೆಂಗಳೂರಿನಿಂದ ಹೊರಟು ಶಾಲೆ ಮುಟ್ಟೋ ಹೊತ್ತಿಗೆ ಏನಾಗಿರುತ್ತೆ ಅಂತ ಹುಡುಕೋಕೆ ಅದು ಕಲಿಸುತ್ತದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎಂಎ ಎಜುಕೇಷನ್ ಥರದ್ದು ಇಲ್ಲೇ ಇದೆ, ಸಾಲದ ಭಾರವಿಲ್ಲದೆ ಓದುವ ದಾರಿಗಳೂ ಇವೆ. ಎಲ್ಲಿ ಓದುತ್ತೀರಿ ಅನ್ನೋದಕ್ಕಿಂತ ಏನು ಕೇಳಲು ಹೋಗುತ್ತಿದ್ದೀರಿ ಅನ್ನೋದು ದೊಡ್ಡದು.

ವಿಮರ್ಶಕರ ಕೆಲಸ ತಪ್ಪು ತೋರಿಸೋದಷ್ಟೇ ಅಲ್ಲ ಅನ್ನುತ್ತಾರೆ, ಹಾಗಾಗಿ ಒಳ್ಳೆಯ ಎಸ್‌ಓಪಿ ಹೇಗಿರಬಹುದು ಅಂತ ಹೇಳಿಬಿಡುತ್ತೇನೆ. ಅದರಲ್ಲಿ ಮಗು ಇರಲಿ, ಆದರೆ ಮಗುವಿನ ಕಣ್ಣಿನ ಬದಲು ಅದರ ಒಂದು ಸೋಮವಾರ ಇರಲಿ: ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಎಷ್ಟು ನಿಮಿಷ ಯಾರು ಅದರ ಜೊತೆ ಮಾತಾಡಿದರು. ಮೇಷ್ಟ್ರು ಇರಲಿ, ಅವರಿಗೂ ಒಂದೆರಡು ಮಾತು ಇರಲಿ. ಸಿಆರ್‌ಪಿ ಬೈಕಿನಲ್ಲಿ ಬಂದು ಏನು ನೋಡಿ ಏನು ಬರೆದುಕೊಂಡು ಹೋದರು ಅನ್ನೋದು ಇರಲಿ. ಅದನ್ನೆಲ್ಲ ತಿಳಿಯೋಕೆ ಒಂದು ಸಿಎಸ್‌ಆರ್ ಶನಿವಾರ ಸಾಲದು, ಕೆಲವು ವಾರ ಬೇಕು. ಕೆಲಸ ಬಿಡುವ ಮೊದಲು ಅಷ್ಟು ದಿನ ರಜೆ ಹಾಕಿ ಕೂತು ನೋಡಿದರೆ ಮುಂದಿನ ಎರಡು ವರ್ಷದ ಓದಿಗೆ ಅರ್ಥ ಬರುತ್ತೆ. ಕೊನೆಯಲ್ಲಿ ಭರವಸೆಯ ಬದಲು ಒಂದು ಪ್ರಶ್ನೆ ಇರಲಿ, ನಿಮಗೆ ನಿಜವಾಗಲೂ ಉತ್ತರ ಗೊತ್ತಿಲ್ಲದ ಪ್ರಶ್ನೆ.

ಅಂದಹಾಗೆ ಎಸ್‌ಓಪಿ ಅನ್ನೋ ಮೂರಕ್ಷರಕ್ಕೆ ಸರ್ಕಾರಿ ಕಚೇರಿಯಲ್ಲಿ ಬೇರೆ ಅರ್ಥ ಇದೆ: ಸ್ಟ್ಯಾಂಡರ್ಡ್ ಆಪರೇಟಿಂಗ್ ಪ್ರೊಸೀಜರ್. ಯಾರು, ಯಾವ ದಿನ, ಏನು ಮಾಡಬೇಕು, ಆಗದಿದ್ದರೆ ಯಾರಿಗೆ ಹೇಳಬೇಕು ಅನ್ನೋ ಕಾರ್ಯವಿಧಾನ. ಅದರಲ್ಲಿ ‘ನಾನು’ ಅನ್ನೋ ಪದ ಬರುವುದೇ ಇಲ್ಲ. ಹರಿಯಾಣದ ಆ ಒಂದು ಗಂಟೆ ಅಂಥದ್ದೇ ಒಂದು ಎಸ್‌ಓಪಿ. ಮೊದಲನೆಯ ಥರದ್ದು ಬರೆಯೋರಿಗೆ ನಮ್ಮಲ್ಲಿ ಬರವಿಲ್ಲ. ಐದನೇ ಕ್ಲಾಸಿನ ಆ ಹುಡುಗಿ ಕಾಯ್ತಾ ಇರೋದು ಎರಡನೆಯದನ್ನು ಬರೆಯೋರಿಗೆ.